ದಪ್ಪ ಕಾಂಕ್ರೀಟಿನ ಒಳಬಿಸಿ: ಕಲಬುರಗಿ ಸೀಮೆಯಲ್ಲಿ ಯಾವ ಉಪಾಯ, ಯಾವಾಗ?

ಏಪ್ರಿಲ್ ತಿಂಗಳು, ಊರು ಕಲಬುರಗಿ, ಒಂದೂವರೆ ಮೀಟರ್ ದಪ್ಪದ ರಾಫ್ಟ್, ಅಂದರೆ ಇಡೀ ಕಟ್ಟಡವನ್ನು ಹೊರುವ ಚಪ್ಪಡಿಯಂಥ ಬುನಾದಿ. ಡ್ರಾಯಿಂಗಿನ ಮೂಲೆಯಲ್ಲಿ ‘ಎಂ 35, ಉಷ್ಣತೆ ನಿಯಂತ್ರಿಸತಕ್ಕದ್ದು’ ಎಂದು ಒಂದೇ ಸಾಲು. ಎಂ 35 ಎಂದರೆ ಕಾಂಕ್ರೀಟಿನ ಬಲದ ದರ್ಜೆ. ಹೇಗೆ ನಿಯಂತ್ರಿಸಬೇಕು ಎಂದು ಯಾರೂ ಬರೆದಿರುವುದಿಲ್ಲ. ಸೈಟಿನಲ್ಲಿ ಕೇಳಿದರೆ ಒಬ್ಬೊಬ್ಬರದು ಒಂದೊಂದು ಮದ್ದು. ಗುತ್ತಿಗೆದಾರರು ಬರ್ಫ್ (ಮಂಜುಗಡ್ಡೆ) ತರಿಸೋಣ ಅನ್ನುತ್ತಾರೆ. ಕಾಂಕ್ರೀಟ್ ಕಲಸಿ ಕೊಡುವ ಬ್ಯಾಚಿಂಗ್ ಪ್ಲಾಂಟಿನವರು ನೀರು ತಣಿಸುವ ಚಿಲ್ಲರ್ ಇದೆ, ಚಿಂತೆ ಬೇಡ ಅನ್ನುತ್ತಾರೆ. ರಾತ್ರಿ ಹಾಕಿಬಿಟ್ಟರೆ ಮುಗಿಯಿತು ಎಂಬುದು ಮಾಲೀಕರ ನಂಬಿಕೆ. ಗೌಂಡಿ ಮೇಸ್ತ್ರಿ ಮಾತ್ರ ‘ನೀರು ಜಾಸ್ತಿ ಹೊಡೀರಿ ಸಾಹೇಬ್ರ, ತಾನ ತಣ್ಣಗಾಗ್ತದ’ ಅನ್ನುತ್ತಾನೆ. ಎಲ್ಲರ ಮಾತಿನಲ್ಲೂ ಒಂದಿಷ್ಟು ಹುರುಳಿದೆ, ಕೊನೆಯವನ ಮಾತಿನಲ್ಲಿ ಅಪಾಯವೂ ಇದೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಸೀಮೆಯಲ್ಲಿ ಮೊದಲು ಕೈಹಾಕಬೇಕಾದದ್ದು ಮಿಕ್ಸ್ ಡಿಸೈನಿಗೆ (ಯಾವುದನ್ನು ಎಷ್ಟು ಬೆರೆಸಬೇಕು ಎಂಬ ಲೆಕ್ಕಕ್ಕೆ), ಆಮೇಲೆ ಖಡಿ (ಜಲ್ಲಿ) ರಾಶಿಗೆ, ಅದಾದ ಮೇಲೆ ಬರ್ಫಿಗೆ. ಪೈಪಿನಲ್ಲಿ ನೀರು ಹರಿಸುವ ಉಪಾಯ ತೀರ ಕೊನೆಯದು. ಹೆಚ್ಚಿನ ಸೈಟುಗಳಲ್ಲಿ ಈ ಸರದಿ ಉಲ್ಟಾ ನಡೆಯುತ್ತದೆ. ಬರ್ಫಿನ ಲಾರಿ ಗೇಟಿನಲ್ಲಿ ನಿಂತಿರುತ್ತದೆ, ಮಿಕ್ಸಿನಲ್ಲಿ ಮಾತ್ರ ಘನಮೀಟರಿಗೆ 400 ಕೆ.ಜಿ. ಬರೀ ಓಪಿಸಿ 53, ಅಂದರೆ ಬೂದಿ ಏನೂ ಬೆರೆಸದ ಸಾದಾ ಸಿಮೆಂಟ್, ಹಾಗೆಯೇ ಉಳಿದಿರುತ್ತದೆ.

ಎರಡು ಮಿತಿಗಳು

ಸಿಮೆಂಟಿಗೆ ನೀರು ಕೂಡಿದಾಗ ಬಿಸಿ ಹುಟ್ಟುತ್ತದೆ. ಐದು ಇಂಚಿನ ಸ್ಲ್ಯಾಬಿನಲ್ಲಿ ಅದು ಹುಟ್ಟಿದಷ್ಟೇ ಬೇಗ ಹೊರಗೆ ಹೋಗುವುದರಿಂದ ಯಾರ ಗಮನಕ್ಕೂ ಬರುವುದಿಲ್ಲ. ದಪ್ಪ ಒಂದು ಮೀಟರಿನ ಹತ್ತಿರ ಬಂದರೆ ನಡುಭಾಗದ ಬಿಸಿಗೆ ದಾರಿ ಸಿಗುವುದಿಲ್ಲ. ದಪ್ಪ ಇಮ್ಮಡಿಯಾದರೆ ತಣಿಯಲು ಬೇಕಾದ ಕಾಲ ನಾಲ್ಕು ಪಟ್ಟಾಗುತ್ತದೆ. ಸಿಮೆಂಟ್ ಹೆಚ್ಚಿರುವ ಮಿಕ್ಸಾದರೆ ಮುಕ್ಕಾಲು ಮೀಟರಿಗೇ ಎಚ್ಚರ ವಹಿಸುವುದು ಒಳ್ಳೆಯದು.

ಇದರಿಂದ ಬರುವ ತೊಂದರೆ ಎರಡು ಬಗೆ, ಎರಡಕ್ಕೂ ಮದ್ದು ಬೇರೆ. ಮೊದಲನೆಯದು ನಡುಭಾಗದ ಗರಿಷ್ಠ ಬಿಸಿ. ಅದು 70 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೊದಮೊದಲು ಆಗಬೇಕಾದ ಎಟ್ರಿಂಗೈಟ್ ಎಂಬ ಹರಳು ಆಗುವುದಿಲ್ಲ. ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ತೇವ ಸಿಕ್ಕಾಗ ಅದು ಗಟ್ಟಿಯಾದ ಕಾಂಕ್ರೀಟಿನೊಳಗೆ ಹುಟ್ಟಿ, ಹಿಗ್ಗಿ, ಒಡೆಯುತ್ತದೆ. ಎರಡನೆಯದು ನಡುಭಾಗಕ್ಕೂ ಮೈಗೂ ಇರುವ ವ್ಯತ್ಯಾಸ. ಒಳಗೆ ಬಿಸಿಗೆ ಹಿಗ್ಗಿರುತ್ತದೆ, ಹೊರಗೆ ತಣಿದು ಕುಗ್ಗಿರುತ್ತದೆ, ಎಳೆತಕ್ಕೆ ಮೈ ಬಿರಿಯುತ್ತದೆ. ಇದಕ್ಕೆ ರೂಢಿಯ ಮಿತಿ 20 ಡಿಗ್ರಿ. ಅಮೆರಿಕದ ಕಾಂಕ್ರೀಟ್ ಸಂಸ್ಥೆಯ ಎಸಿಐ 301ರಲ್ಲಿ ಗರಿಷ್ಠ ಬಿಸಿಗೆ 70 ಡಿಗ್ರಿ, ವ್ಯತ್ಯಾಸಕ್ಕೆ 19 ಚಿಲ್ಲರೆ ಡಿಗ್ರಿ ಇದೆ. ನಮ್ಮ ಭಾರತೀಯ ಮಾನದಂಡ ಐಎಸ್ 7861ರ ಮೊದಲ ಭಾಗ ಬಿಸಿಲಿನಲ್ಲಿ ಕಾಂಕ್ರೀಟ್ ಹಾಕುವಾಗಿನ ಉಷ್ಣತೆಗೆ 40 ಡಿಗ್ರಿಯ ಗೆರೆ ಎಳೆದಿದೆ. ದಪ್ಪ ಕಾಂಕ್ರೀಟಿಗೆ ಆ 40 ಬಹಳ ಉದಾರವಾದ ಗೆರೆ.

ಯಾವ ಮಿತಿ ನಿಮ್ಮನ್ನು ಕಟ್ಟಿಹಾಕುತ್ತದೆ ಎಂಬುದು ತಿಂಗಳಿನ ಮೇಲೆ ಹೋಗುತ್ತದೆ. ಕಲಬುರಗಿ, ಯಾದಗಿರಿಗಳಲ್ಲಿ ಏಪ್ರಿಲ್–ಮೇ ಹಗಲು 42, 43 ಡಿಗ್ರಿ ಸಾಮಾನ್ಯ, ರಾತ್ರಿಯೂ 27, 28ಕ್ಕಿಂತ ಕೆಳಗೆ ಇಳಿಯುವುದು ಅಪರೂಪ. ಆಗ ಹೊರಗಿನ ಗಾಳಿಯೇ ಬೆಚ್ಚಗಿರುವುದರಿಂದ ಮೈ ಬೇಗ ತಣಿಯುವುದಿಲ್ಲ. ತಲೆನೋವು ಗರಿಷ್ಠ ಬಿಸಿಯದ್ದು. ಡಿಸೆಂಬರ್–ಜನವರಿಯಲ್ಲಿ ಇದು ತಿರುವುಮುರುವು. ರಾಜ್ಯದ ಕನಿಷ್ಠ ಉಷ್ಣಾಂಶದ ಸುದ್ದಿ ಬಂದಾಗಲೆಲ್ಲ ಬೀದರಿನ ಹೆಸರು ಇರುತ್ತದಲ್ಲ, ಅಲ್ಲಿ ಆ ತಿಂಗಳು ನಡುಭಾಗ 60ಕ್ಕೇ ನಿಲ್ಲಬಹುದು, ಆದರೆ ಬೆಳಗಿನ ಜಾವದ ಕುಳಿರ್ಗಾಳಿಗೆ ಮೈ ಸರ್ರನೆ ತಣಿದು ವ್ಯತ್ಯಾಸ 30ಕ್ಕೆ ಹೋಗುತ್ತದೆ. ‘ಚಳಿಗಾಲ, ತೊಂದರೆ ಇಲ್ಲ’ ಎಂದು ಹಾಕಿದ ರಾಫ್ಟೇ ಬಿರಿಯುವುದು ಇದಕ್ಕೇ.

ಸಿಮೆಂಟು: ಹೆಚ್ಚು ಲಾಭ ಇರುವುದು ಇಲ್ಲಿ

ಅಮೆರಿಕದ ಎಂಜಿನಿಯರುಗಳು ಬಳಸುವ ಒಂದು ಅಂದಾಜಿನ ಲೆಕ್ಕ ನಮಗೂ ಸಾಕು. ಘನಮೀಟರಿನಲ್ಲಿರುವ ಪ್ರತಿ 100 ಕೆ.ಜಿ. ಓಪಿಸಿಗೆ ನಡುಭಾಗ ಸುಮಾರು 12 ಡಿಗ್ರಿ ಏರುತ್ತದೆ. ಓಪಿಸಿಯ ಒಂದು ಪಾಲಿನ ಬದಲು ಬೆರೆಸುವ ಹಾರುಬೂದಿ (ಕಲ್ಲಿದ್ದಲು ಸುಟ್ಟಾಗ ಬರುವ ನುಣ್ಣನೆಯ ಬೂದಿ) ಸುಣ್ಣದಂಶ ಕಡಿಮೆ ಇರುವಂಥದಾದರೆ ಅದರ ತೂಕವನ್ನು ಅರ್ಧ ಎಂದು ಎಣಿಸಿ. ಉಕ್ಕಿನ ಕಾರ್ಖಾನೆಯ ಸ್ಲ್ಯಾಗನ್ನು, ಅಂದರೆ ಜಿಜಿಬಿಎಸ್ ಅನ್ನು, ಸಿಮೆಂಟೂ ಸೇರಿದ ಒಟ್ಟು ಪುಡಿಯಲ್ಲಿ 45 ಶೇಕಡಾದೊಳಗೆ ಇದ್ದರೆ ಪೂರ್ತಿ, 45ರಿಂದ 65ರವರೆಗೆ 0.9, ಅದಕ್ಕೂ ಹೆಚ್ಚಾದರೆ 0.8 ಎಂದು ಎಣಿಸಿ.

ಈಗ ಹೋಲಿಸಿ ನೋಡಿ. 400 ಕೆ.ಜಿ. ಬರೀ ಓಪಿಸಿ ಇದ್ದರೆ ಏರಿಕೆ 48 ಡಿಗ್ರಿ. ಅದರಲ್ಲಿ 35 ಶೇಕಡಾ ಹಾರುಬೂದಿ ಮಾಡಿದರೆ 40ರ ಹತ್ತಿರ. 50 ಶೇಕಡಾ ಸ್ಲ್ಯಾಗ್ ಮಾಡಿದರೆ 46. ಸ್ಲ್ಯಾಗನ್ನು 70 ಶೇಕಡಾಕ್ಕೆ ಒಯ್ದರೆ 41. ಬಹಳ ಮಂದಿಗೆ ಇದು ಅಚ್ಚರಿ. ‘ಅರ್ಧಕ್ಕರ್ಧ ಸ್ಲ್ಯಾಗ್ ಹಾಕಿದ್ದೇವೆ, ಇನ್ನೇನು ಬಿಸಿ’ ಎಂದು ನಿಶ್ಚಿಂತೆಯಿಂದ ಕೂರುವವರನ್ನು ನೋಡಿದ್ದೇನೆ. ಸ್ಲ್ಯಾಗಿನ ಗುಣವೇ ಹಾಗೆ: ಬಿಸಿ ಸಿಕ್ಕಷ್ಟೂ ಚುರುಕಾಗುತ್ತದೆ. ನಮ್ಮ ಮೇ ತಿಂಗಳಿನಲ್ಲಿ ದಪ್ಪ ಕಾಂಕ್ರೀಟಿನ ಒಳಗೆ ಅದಕ್ಕೆ ಬೇಕಾದ ಬಿಸಿ ಧಾರಾಳವಾಗಿ ಸಿಗುತ್ತದೆ. ಸಲ್ಫೇಟ್, ಕ್ಲೋರೈಡುಗಳಿಂದ ಕಾಪಾಡಲು ಸ್ಲ್ಯಾಗ್ ಒಳ್ಳೆಯದು, ಅದಕ್ಕಾಗಿ ಬಳಸಿ. ಬರೀ ಬಿಸಿ ಇಳಿಸಲಿಕ್ಕೆ ಎಂದಾದರೆ ಅರ್ಧ ಪಾಲಿನ ಸ್ಲ್ಯಾಗಿಗಿಂತ ಮೂರನೆಯ ಒಂದು ಪಾಲಿನ ಹಾರುಬೂದಿಯೇ ಮೇಲು.

ಸಾಗಣೆಯ ದೃಷ್ಟಿಯಿಂದಲೂ ನಮಗೆ ಬೂದಿ ಹತ್ತಿರ. ರಾಯಚೂರಿನ ಶಕ್ತಿನಗರ, ಯರಮರಸ್ ಎರಡೂ ಕಡೆ ಕಲ್ಲಿದ್ದಲ ವಿದ್ಯುತ್ ಸ್ಥಾವರಗಳಿವೆ, ಯಾದಗಿರಿಗಂತೂ ಪಕ್ಕದ ಜಿಲ್ಲೆ. ಸ್ಲ್ಯಾಗ್ ಬೇಕಾದರೆ ಬಳ್ಳಾರಿ ಕಡೆಯ ತೋರಣಗಲ್ಲಿನತ್ತ ನೋಡಬೇಕು. ಬೂದಿ ತರಿಸುವಾಗ ಸೈಲೋದ ಒಣಬೂದಿಯನ್ನೇ ಕೇಳಿ, ಹೊಂಡದ ಹಸಿಬೂದಿ ಬೇಡ. ಐಎಸ್ 3812ರ ಮೊದಲ ಭಾಗದ ಪ್ರಕಾರ ಸುಟ್ಟಾಗ ಕಳೆಯುವ ತೂಕ 5 ಶೇಕಡಾ ಮೀರಬಾರದು, ನುಣುಪು ಕೆ.ಜಿ.ಗೆ 320 ಚದರ ಮೀಟರ್ ಇರಬೇಕು.

ಬೂದಿ ಬೆರೆಸುವುದು ಹೊಸ ಫ್ಯಾಷನ್ ಎಂದು ಹಿರಿಯ ಗುತ್ತಿಗೆದಾರರು ಕೆಲವರು ಮೂಗು ಮುರಿಯುತ್ತಾರೆ. ಕೃಷ್ಣರಾಜಸಾಗರವೂ ತುಂಗಭದ್ರಾ ಅಣೆಕಟ್ಟೂ ಸುರ್ಕಿ ಗಾರೆಯಲ್ಲಿ ಕಟ್ಟಿದ ಕಲ್ಲುಕಟ್ಟಡಗಳು. ಸುಟ್ಟ ಮಣ್ಣಿನ ಪುಡಿಯಾದ ಸುರ್ಕಿ ಮಾಡುತ್ತಿದ್ದ ಕೆಲಸವನ್ನೇ ಹಾರುಬೂದಿ ಮಾಡುತ್ತದೆ.

ಹಾಗಾದರೆ ಕಾರ್ಖಾನೆಯಲ್ಲೇ ಬೂದಿ ಬೆರೆಸಿದ ಪಿಪಿಸಿ ಸಿಮೆಂಟಿನ ಚೀಲವೋ, ಓಪಿಸಿಗೆ ಪ್ಲಾಂಟಿನಲ್ಲಿ ಬೂದಿ ಬೆರೆಸುವುದೋ? ಐಎಸ್ 1489 ಪ್ರಕಾರ ಪಿಪಿಸಿಯಲ್ಲಿ ಬೂದಿ 15ರಿಂದ 35 ಶೇಕಡಾದವರೆಗೆ ಎಷ್ಟಾದರೂ ಇರಬಹುದು. 15 ಇದ್ದರೆ ನಿಮಗೆ ದಕ್ಕುವ ಲಾಭ ಮೂರೂವರೆ ಡಿಗ್ರಿ, 35 ಇದ್ದರೆ ಎಂಟು. ಸಣ್ಣ ಕೆಲಸಕ್ಕೆ, ಬ್ಯಾಚಿಂಗ್ ಪ್ಲಾಂಟಿನಲ್ಲಿ ಬೂದಿಗೆ ಬೇರೆ ಸೈಲೋ ಇಲ್ಲದ ಕಡೆ, ಪಿಪಿಸಿಯೇ ಸರಿ; ಆದರೆ ಬೂದಿಯ ಪ್ರಮಾಣ ಎಷ್ಟೆಂದು ಕಾರ್ಖಾನೆಯ ಟೆಸ್ಟ್ ಸರ್ಟಿಫಿಕೇಟ್ ನೋಡಿಯೇ ಲೆಕ್ಕ ಹಾಕಿ. ದೊಡ್ಡ ಕೆಲಸಕ್ಕೆ ಓಪಿಸಿ 43 ಜೊತೆಗೆ ಪ್ರತ್ಯೇಕ ಬೂದಿ ಉತ್ತಮ, ಏಕೆಂದರೆ ಪ್ರಮಾಣ ನಿಮ್ಮ ಕೈಯಲ್ಲಿರುತ್ತದೆ. ಇವೆರಡನ್ನೂ ಕೂಡಿಸಿ ಪಿಪಿಸಿಗೆ ಮೇಲಿಂದ ಮತ್ತೆ ಬೂದಿ ಸುರಿಯುವ ಜಾಣತನ ಬೇಡ, ಒಟ್ಟು ಎಷ್ಟಾಯಿತು ಎಂಬುದೇ ಗೊತ್ತಾಗುವುದಿಲ್ಲ.

ಸೇಡಂ, ಮಳಖೇಡ, ವಾಡಿ, ಚಿತ್ತಾಪುರ, ಚಿಂಚೋಳಿ: ಇಷ್ಟು ಕಡೆ ಸಿಮೆಂಟ್ ಕಾರ್ಖಾನೆಗಳಿರುವ ನಾಡಿನಲ್ಲಿ ಕಡಿಮೆ ಬಿಸಿಯ ಸಿಮೆಂಟೇ ಸಿಗಬಾರದೇ ಎಂದು ಕೇಳುವವರಿದ್ದಾರೆ. ಅದಕ್ಕೆ ಐಎಸ್ 12600 ಎಂಬ ಮಾನದಂಡ ಇದೆ: 7 ದಿನಕ್ಕೆ ಗ್ರಾಂಗೆ 65 ಕ್ಯಾಲೊರಿ, 28 ದಿನಕ್ಕೆ 75 ಕ್ಯಾಲೊರಿ ಮೀರುವಂತಿಲ್ಲ. ಅಂಗಡಿಯಲ್ಲಿ ಸಿಗುವ ಮಾಲಲ್ಲ, ಅಣೆಕಟ್ಟಿನಂಥ ಕೆಲಸಕ್ಕೆ ಹೇಳಿ ಮಾಡಿಸಬೇಕಾದದ್ದು. ಆಸ್ಪತ್ರೆ ರಾಫ್ಟಿಗೆ ಅದರ ಹಿಂದೆ ಓಡಬೇಡಿ.

ಮಿಕ್ಸಿನಲ್ಲಿ ಇನ್ನೆರಡು ಉಪಾಯಗಳಿವೆ, ಎರಡಕ್ಕೂ ಖರ್ಚು ಹೆಚ್ಚೇನಿಲ್ಲ. ಒಂದು, 28ನೆಯ ದಿನ ಅಳೆಯುವ ಬಲದ ಬದಲು 56 ಅಥವಾ 90ನೆಯ ದಿನದ ಬಲಕ್ಕೆ ಒಪ್ಪಿಗೆ ಪಡೆಯುವುದು. ರಾಫ್ಟಿನ ಮೇಲೆ ಪೂರ್ತಿ ಭಾರ ಬೀಳುವ ಹೊತ್ತಿಗೆ ವರ್ಷವೇ ಕಳೆದಿರುತ್ತದೆ. ಹಾರುಬೂದಿಯ ಬಲ ನಿಧಾನವಾಗಿ ಬರುವಂಥದು, ಅದಕ್ಕೆ 28ರ ಗಡುವು ಹಾಕಿದರೆ ಆ ಗಡುವಿಗಾಗಿಯೇ ಹೆಚ್ಚು ಸಿಮೆಂಟ್ ಸುರಿಯಬೇಕಾಗುತ್ತದೆ. ಸ್ಟ್ರಕ್ಚರಲ್ ಕನ್ಸಲ್ಟೆಂಟ್ ಬರವಣಿಗೆಯಲ್ಲಿ ಒಪ್ಪಬೇಕು, ಮಾತಿನಲ್ಲಲ್ಲ. ಇನ್ನೊಂದು, 20 ಮಿ.ಮೀ. ಬದಲು 40 ಮಿ.ಮೀ. ಖಡಿ. ಐಎಸ್ 10262ರ ಪಟ್ಟಿಯಲ್ಲಿ 20 ಮಿ.ಮೀ.ಗೆ ನೀರು 186 ಕೆ.ಜಿ., 40 ಮಿ.ಮೀ.ಗೆ 165. ನೀರು–ಸಿಮೆಂಟ್ ಅನುಪಾತ 0.45 ಎಂದಿಟ್ಟುಕೊಂಡರೆ ಸಿಮೆಂಟಿನಲ್ಲಿ 47 ಕೆ.ಜಿ. ಉಳಿತಾಯ, ಎಂದರೆ ಐದೂವರೆ ಡಿಗ್ರಿ. ಕಂಬಿ ದಟ್ಟವಾಗಿರುವ ಕಡೆ, ಪಂಪಿನ ಪೈಪು ಸಣ್ಣದಿರುವ ಕಡೆ ಇದು ನಡೆಯುವುದಿಲ್ಲ. ಅಲ್ಲಿ ಕಡಿಮೆ ನೀರಿನಲ್ಲೇ ಕಾಂಕ್ರೀಟನ್ನು ಮೆದುವಾಗಿಸುವ ಒಳ್ಳೆಯ ಪ್ಲಾಸ್ಟಿಸೈಜರ್ ಹಾಕಿ ನೀರನ್ನೇ ಇಳಿಸಿ.

ಕಾಂಕ್ರೀಟ್ ಗಟ್ಟಿಯಾಗುವುದನ್ನು ತಡಮಾಡುವ ರಿಟಾರ್ಡರ್ ಬಗ್ಗೆ ಒಂದು ಮಾತು. ಅದು ಬಿಸಿಯನ್ನು ಮುಂದೂಡುತ್ತದೆ, ಇಳಿಸುವುದಿಲ್ಲ. ಬಿಸಿಲಿನಲ್ಲಿ ಒಂದು ಪದರದ ಮೇಲೆ ಇನ್ನೊಂದು ಹಾಕುವ ಮೊದಲೇ ಕೆಳಗಿನದು ಗಟ್ಟಿಯಾಗದಿರಲಿ ಎಂದು ಅದನ್ನು ಹಾಕಿ, ಅಷ್ಟೇ.

ಹಾಕುವಾಗಿನ ಉಷ್ಣತೆ

ಕಾರ್ಖಾನೆ ಹತ್ತಿರ ಇರುವ ನಮ್ಮ ಕಡೆ ಒಂದು ಗಾಬರಿ ಇದೆ: ಬಲ್ಕರ್ ಲಾರಿಯಲ್ಲಿ ಬರುವ ಸಿಮೆಂಟ್ ಕೈ ಇಡಲಾಗದಷ್ಟು ಬಿಸಿ ಇರುತ್ತದೆ, ಅದನ್ನು ಹೇಗೆ ಬಳಸುವುದು? ಲೆಕ್ಕ ಹಾಕಿದರೆ ಗಾಬರಿ ಕಡಿಮೆಯಾಗುತ್ತದೆ. ಸಿಮೆಂಟು–ಬೂದಿ ಸೇರಿ 360 ಕೆ.ಜಿ., ಖಡಿ–ಉಸುಕು 1850 ಕೆ.ಜಿ., ನೀರು 165 ಕೆ.ಜಿ. ಇರುವ ಮಿಕ್ಸನ್ನು ತೆಗೆದುಕೊಳ್ಳಿ. ಸಿಮೆಂಟ್ 8 ಡಿಗ್ರಿ ಇಳಿದರೆ ಕಾಂಕ್ರೀಟ್ ಇಳಿಯುವುದು 1 ಡಿಗ್ರಿ. ನೀರು 4 ಡಿಗ್ರಿ ಇಳಿದರೆ 1. ಖಡಿ–ಉಸುಕು ಬರೀ 1.6 ಡಿಗ್ರಿ ಇಳಿದರೆ ಸಾಕು, 1 ಸಿಕ್ಕಿತು. ತೂಕದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಖಡಿ–ಉಸುಕೇ ಆಗಿರುವಾಗ ಅದು ಸಹಜ. ಬಿಸಿ ಸಿಮೆಂಟಿನಿಂದ ಸ್ಲಂಪ್ (ಹಸಿ ಕಾಂಕ್ರೀಟಿನ ಮೆದುತನ) ಬೇಗ ಹೋಗುವುದು ನಿಜ, ಆದರೆ ಒಳಬಿಸಿಯ ದೊಡ್ಡ ಖಳನಾಯಕ ಅದಲ್ಲ. ಬಯಲಿನಲ್ಲಿ ಮಧ್ಯಾಹ್ನವೆಲ್ಲ ಕಾದು ಬಿದ್ದಿರುವ ಖಡಿ ರಾಶಿ.

ಆ ರಾಶಿಗೆ ಹಸಿರು ಬಲೆಯ ಇಲ್ಲವೇ ತಗಡಿನ ಚಪ್ಪರ ಹಾಕಿ, ಸ್ಪ್ರಿಂಕ್ಲರಿನಲ್ಲಿ ತೆಳ್ಳಗೆ ನೀರು ಚಿಮುಕಿಸಿ. ಬೇಸಿಗೆಯಲ್ಲಿ ನಮ್ಮ ಮನೆಯ ಕಿಟಕಿಗೆ ಕೂರುವ ಕೂಲರ್ ಹೇಗೆ ಕೆಲಸ ಮಾಡುತ್ತದೋ ಇದೂ ಹಾಗೆಯೇ: ಗಾಳಿ ಒಣಗಿದ್ದಷ್ಟೂ ನೀರು ಬೇಗ ಆರುತ್ತದೆ, ಆರುವಾಗ ಬಿಸಿಯನ್ನು ಹೊತ್ತೊಯ್ಯುತ್ತದೆ. 42 ಡಿಗ್ರಿಯ ಒಣಗಾಳಿಯಲ್ಲಿ ಒದ್ದೆ ಕಲ್ಲು ಮೂವತ್ತರ ಆಸುಪಾಸಿಗೆ ಇಳಿಯುವುದು ಸಾಧ್ಯ. ಕರಾವಳಿಯವರಿಗೆ ಈ ಅನುಕೂಲ ಇಲ್ಲ. ಖಡಿ–ಉಸುಕು 40ರಿಂದ 33ಕ್ಕೆ ಬಂದರೆ ಕಾಂಕ್ರೀಟಿನಲ್ಲಿ ನಾಲ್ಕೂ ಚಿಲ್ಲರೆ ಡಿಗ್ರಿ ಕಡಿಮೆ. ಬರ್ಫಿಗೆ ಹೋಲಿಸಿದರೆ ಖರ್ಚು ತೀರ ಅಲ್ಪ. ಮಳೆಗಾಲದಲ್ಲಿ ಇದರ ಲಾಭ ಕುಗ್ಗುತ್ತದೆ, ಆಗ ಅಷ್ಟು ಬೇಕಾಗಿಯೂ ಇಲ್ಲ. ಒಂದೇ ಷರತ್ತು: ಖಡಿ, ಉಸುಕು ಹಿಡಿದಿರುವ ತೇವವನ್ನು ಅಳೆದು ಮಿಕ್ಸಿನ ನೀರಿನಲ್ಲಿ ಕಳೆಯಬೇಕು. ಕಳೆಯದಿದ್ದರೆ ಬಿಸಿ ಇಳಿಯಿತು, ಬಲವೂ ಇಳಿಯಿತು.

ಚಿಲ್ಲರೋ ಬರ್ಫೋ ಎಂಬ ಚರ್ಚೆ ಸೈಟುಗಳಲ್ಲಿ ಬಹಳ ನಡೆಯುತ್ತದೆ. ಮೇಲಿನ ಮಿಕ್ಸಿನಲ್ಲಿ 32 ಡಿಗ್ರಿಯ ನೀರನ್ನು 5ಕ್ಕೆ ಇಳಿಸಿದರೆ ಕಾಂಕ್ರೀಟ್ ಸುಮಾರು 7 ಡಿಗ್ರಿ ಇಳಿಯುತ್ತದೆ. ನೀರಿನಲ್ಲಿ 40 ಕೆ.ಜಿ.ಯಷ್ಟನ್ನು ಬರ್ಫಾಗಿ ಹಾಕಿದರೂ 7 ಡಿಗ್ರಿಯೇ. ಆ 40 ಕೆ.ಜಿ. ಬರ್ಫನ್ನು ಪುಡಿ ಮಾಡಿ ಡ್ರಮ್ಮಿಗೆ ಹಾಕಿದರೂ, ಹಲಗೆಯಾಗಿಯೇ ನೀರಿನ ಟ್ಯಾಂಕಿಗೆ ಬಿಟ್ಟರೂ ಲೆಕ್ಕ ಒಂದೇ, ಏಕೆಂದರೆ ಕರಗುವಾಗ ಅದು ಹೀರುವ ಬಿಸಿ ಬದಲಾಗುವುದಿಲ್ಲ. ಹಾಗಿರುವಾಗ 300 ಘನಮೀಟರಿನ ಒಂದೇ ರಾಫ್ಟಿಗಾಗಿ ಬರ್ಫ್ ಪುಡಿ ಮಾಡುವ ಯಂತ್ರದ ಉಸಾಬರಿ ಬೇಡ. ಟ್ಯಾಂಕಿಗೆ ಥರ್ಮೋಕೋಲ್ ಸುತ್ತಿ, ಬರ್ಫಿನ ಫ್ಯಾಕ್ಟರಿಯಿಂದ ಹಲಗೆ ತರಿಸಿ ಅದರಲ್ಲೇ ಮುಳುಗಿಸಿ. 300 ಘನಮೀಟರಿಗೆ 12 ಟನ್ ಬೇಕಾಗುತ್ತದೆ, ದಾರಿಯಲ್ಲಿ ಕರಗುವುದನ್ನು ಬಿಟ್ಟು. ಮೇ ತಿಂಗಳಲ್ಲಿ ಅಷ್ಟು ಸಿಗುತ್ತದೆಯೇ ಎಂದು ಫ್ಯಾಕ್ಟರಿಯವರನ್ನು ಮೊದಲೇ ಕೇಳಿ ಗಟ್ಟಿ ಮಾಡಿಕೊಳ್ಳಿ, ಮದುವೆ ಸೀಜನ್ ಅದೇ ಹೊತ್ತಿಗೆ.

ಟ್ಯಾಂಕಿನ ದಾರಿಗೆ ಒಂದು ಮಿತಿ ಇದೆ. ನೀರು ಸೊನ್ನೆಗಿಂತ ಕೆಳಗೆ ಹೋಗುವುದಿಲ್ಲ, ಆದ್ದರಿಂದ 7–8 ಡಿಗ್ರಿಗಿಂತ ಹೆಚ್ಚು ಇಳಿಸಬೇಕಾದರೆ ಬರ್ಫನ್ನೇ ಡ್ರಮ್ಮಿಗೆ ಹಾಕಬೇಕು. 80 ಕೆ.ಜಿ. ಹಾಕಿದರೆ ಲೆಕ್ಕದ ಪ್ರಕಾರ 13–14 ಡಿಗ್ರಿ ಇಳಿಯುತ್ತದೆ. ಆಗ ಚೂರುಗಳು ಪೂರ್ತಿ ಕರಗಿ ಮುಗಿಯುವ ತನಕ ಮಿಕ್ಸರ್ ತಿರುಗಬೇಕು. ಕರಗದ ತುಂಡು ಕಾಂಕ್ರೀಟಿನಲ್ಲಿ ಉಳಿದರೆ ಅಲ್ಲಿ ಪೊಳ್ಳಾಗುತ್ತದೆ. ಇನ್ನೊಂದು ತೊಡಕು: ಉಸುಕಿನಲ್ಲಿ, ಒದ್ದೆ ಖಡಿಯಲ್ಲಿ ಆಗಲೇ 45 ಕೆ.ಜಿ. ನೀರಿದ್ದರೆ ನಿಮ್ಮ ಕೈಯಲ್ಲಿ ಉಳಿದದ್ದು 120 ಮಾತ್ರ. ಪ್ಲಾಸ್ಟಿಸೈಜರ್ ಕಲಸಲು ಬೇಕಾದ ನೀರನ್ನೂ ಬಿಟ್ಟರೆ ಬರ್ಫಿಗೆ ಜಾಗ ಇನ್ನೂ ಕಡಿಮೆ. ಸೇತುವೆ, ಬ್ಯಾರೇಜುಗಳಂಥ ತಿಂಗಳುಗಟ್ಟಲೆ ನಡೆಯುವ ಕೆಲಸಕ್ಕೆ ಫ್ಲೇಕ್ ಐಸ್ ಪ್ಲಾಂಟ್ ಹಾಕಿಸಬಹುದು, ಒಂದು ರಾಫ್ಟಿಗಲ್ಲ.

ದ್ರವ ಸಾರಜನಕ ಸಿಂಪಡಿಸುವ ಉಪಾಯವೂ ಪುಸ್ತಕದಲ್ಲಿದೆ. ನಮ್ಮ ಕಡೆಯ ಕೆಲಸಕ್ಕೆ ಅದು ದುಬಾರಿ, ಅಪಾಯಕಾರಿ. ಮುಂದೆ ಹೋಗೋಣ.

ರಾತ್ರಿ ಹಾಕುವುದು ಒಳ್ಳೆಯದೇ, ಆದರೆ ಅದೊಂದೇ ಸಾಲದು. ಹಗಲೆಲ್ಲ ಕಾದ ಖಡಿ ರಾಶಿಯ ಒಡಲು ರಾತ್ರಿ ಹತ್ತಕ್ಕೂ ಬೆಚ್ಚಗೇ ಇರುತ್ತದೆ. ರಾತ್ರಿಯ ನಿಜವಾದ ಲಾಭ ಬೇರೆ: ಟ್ರಾನ್ಸಿಟ್ ಮಿಕ್ಸರಿನ ಡ್ರಮ್, ಪಂಪಿನ ಪೈಪು, ಕಂಬಿ ಕಾದಿರುವುದಿಲ್ಲ, ಬಿಸಿಗಾಳಿಗೆ ಹಸಿ ಮೈ ಬಿರಿಯುವುದಿಲ್ಲ. ಗಂಟೆಗೆ 40 ಘನಮೀಟರ್ ಪಂಪ್ ಮಾಡಿದರೆ 300 ಘನಮೀಟರಿಗೆ ಏಳೂವರೆ ಗಂಟೆ. ರಾತ್ರಿ ಹತ್ತಕ್ಕೆ ಶುರು ಮಾಡಿ ಬಿಸಿಲೇರುವ ಮೊದಲು ಮುಗಿಸಬಹುದು.

ಈವರೆಗಿನದನ್ನು ಕೂಡಿಸಿದರೆ ನಮ್ಮ ಏಪ್ರಿಲ್ ರಾಫ್ಟಿನ ಚಿತ್ರ ಹೀಗಿದೆ. ಏನೂ ಮಾಡದಿದ್ದರೆ ಹಾಕುವಾಗ 40, ಏರಿಕೆ 48, ಒಟ್ಟು 88. ಮೂರನೆಯ ಒಂದು ಪಾಲು ಹಾರುಬೂದಿ ಮಾಡಿದರೆ 80. 56 ದಿನದ ಬಲಕ್ಕೆ ಒಪ್ಪಿಗೆ ಪಡೆದು ಒಟ್ಟು ಪುಡಿ 360ಕ್ಕೆ ಇಳಿಸಿದರೆ 76. ಖಡಿಗೆ ನೆರಳು, ನೀರು ಕೊಟ್ಟರೆ 71. ಟ್ಯಾಂಕಿಗೆ ಬರ್ಫ್ ಬಿಟ್ಟರೆ 64. ಒಂದೂವರೆ ಮೀಟರಿನಲ್ಲಿ ಒಂದಿಷ್ಟು ಬಿಸಿ ಹೊರಗೂ ಹೋಗುವುದರಿಂದ ನಿಜದ ಅಂಕಿ ಇದಕ್ಕಿಂತ ಕೆಲವು ಡಿಗ್ರಿ ಕಡಿಮೆ ಬರುತ್ತದೆ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಕೈಯಲ್ಲಿ ಇಟ್ಟುಕೊಳ್ಳಿ. ಬಿಸಿಲಿನಲ್ಲಿ ಲಾರಿ ಅರ್ಧ ಗಂಟೆ ನಿಂತರೆ ಬೇಕಾಗುತ್ತದೆ.

ಹಾಕಿದ ಮೇಲೆ: ಹೊದಿಸಬೇಕೋ, ನೀರು ಹೊಡೆಯಬೇಕೋ

ಇಲ್ಲಿ ಮೇಸ್ತ್ರಿಯ ಜೊತೆ ಜಗಳ ಖಚಿತ. ಬಿಸಿಯಾದದ್ದಕ್ಕೆ ಹೊದಿಕೆ ಹಾಕುವುದು ಅವನಿಗೆ ಹುಚ್ಚುತನ ಅನ್ನಿಸುತ್ತದೆ. ಆದರೆ ಹೊರಗೆ ತಣ್ಣೀರು ಹೊಡೆದರೆ ನಡುಭಾಗಕ್ಕೆ ಅದರ ಸುದ್ದಿಯೂ ಮುಟ್ಟುವುದಿಲ್ಲ, ಮೈ ಮಾತ್ರ ಥಟ್ಟನೆ ಕುಗ್ಗುತ್ತದೆ. ಒಳಗೆ 64 ಇರುವಾಗ ಬೆಳಗಿನ ಜಾವ ಪೈಪು ಹಿಡಿದು ಬೋರಿನ ನೀರು ಸುರಿದರೆ ಬಿರುಕನ್ನು ಕರೆದು ತಂದಂತೆಯೇ. ಬಿಸಿ ಹೋಗಲಿ, ಆದರೆ ನಿಧಾನವಾಗಿ ಹೋಗಲಿ ಎಂಬುದು ಹೊದಿಕೆಯ ಉದ್ದೇಶ. ಅದರಿಂದ ನಡುಭಾಗ ಒಂದೆರಡು ಡಿಗ್ರಿ ಏರಬಹುದು, ಮೈ ಅದಕ್ಕಿಂತ ಬಹಳ ಹೆಚ್ಚು ಏರುತ್ತದೆ, ವ್ಯತ್ಯಾಸ ಕುಗ್ಗುತ್ತದೆ. ಗರಿಷ್ಠ ಬಿಸಿಯನ್ನು ಮಿಕ್ಸ್ ಹಂತದಲ್ಲೇ 70ಕ್ಕಿಂತ ಸಾಕಷ್ಟು ಕೆಳಗೆ ತಂದಿದ್ದರೆ ಮಾತ್ರ ಹೊದಿಸಲು ಧೈರ್ಯ ಬರುತ್ತದೆ.

ಹೊದಿಕೆಗೆ ಏನು? ಮೊದಲು ಒದ್ದೆ ಗೋಣಿ ತಟ್ಟು, ಅದರ ಮೇಲೆ ತೇವ ಹೋಗದಂತೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ 50 ಮಿ.ಮೀ. ಥರ್ಮೋಕೋಲ್, ಗಾಳಿಗೆ ಹಾರದಂತೆ ತಾಡಪತ್ರಿ. ಥರ್ಮೋಕೋಲ್ ಸಿಗದ ಕಡೆ ಎರಡು ತಾಡಪತ್ರಿಯ ನಡುವೆ ಜೋಳದ ಕಣಿಕಿ (ದಂಟು) ದಪ್ಪಗೆ ಹರಡಿದರೂ ನಡೆಯುತ್ತದೆ, ಒಣಗಿರಬೇಕು ಅಷ್ಟೇ. ಬೀಡಿ ಸೇದುವವರನ್ನು ದೂರ ಇಡಿ, ದನಗಳನ್ನು ಇನ್ನೂ ದೂರ ಇಡಿ. ಬೇಸಿಗೆಯಲ್ಲಿ ಒಂದು ಪದರ ಸಾಕು. ಬೀದರಿನ ಜನವರಿಗೆ ಎರಡು ಪದರ ಬೇಕು, ಅಂಚು ಮತ್ತು ಮೂಲೆಗಳಿಗೆ ಇನ್ನೂ ಗಟ್ಟಿಯಾಗಿ. ಮೂಲೆ ಮೂರು ಕಡೆಯಿಂದ ತಣಿಯುತ್ತದೆ. ಕಟ್ಟೆ ಕಟ್ಟಿ ಅರ್ಧ ಅಡಿ ನೀರು ನಿಲ್ಲಿಸುವುದೂ ಒಂದು ಬಗೆಯ ಹೊದಿಕೆಯೇ. ನಿಂತ ನೀರು ಕಾಂಕ್ರೀಟಿನ ಜೊತೆಗೇ ಬೆಚ್ಚಗಾಗುತ್ತದೆ. ಆದರೆ ಅದನ್ನು ದಿನಾ ಖಾಲಿ ಮಾಡಿ ಹೊಸದು ತುಂಬುವ ಉತ್ಸಾಹ ಬೇಡ, ಇಂಗಿದಷ್ಟನ್ನು ಮಧ್ಯಾಹ್ನ ತುಂಬಿ.

ಪಕ್ಕದ ಶಟರಿಂಗಿನಲ್ಲೂ ಆಯ್ಕೆ ಇದೆ. ಕಬ್ಬಿಣದ ಪ್ಲೇಟು ಬಿಸಿಯನ್ನು ಹಾಗೇ ಹೊರಗೆ ಬಿಡುತ್ತದೆ, ಪ್ಲೈವುಡ್ ತಡೆಯುತ್ತದೆ. ರಾಫ್ಟಿಗೆ ನಮ್ಮಲ್ಲಿ ಇಟ್ಟಿಗೆ ಗೋಡೆ ಕಟ್ಟಿ ಅದನ್ನೇ ಶಟರಿಂಗ್ ಮಾಡುವ ರೂಢಿ ಇದೆಯಲ್ಲ, ಹಿಂದಿನ ಮಣ್ಣನ್ನು ಮೊದಲೇ ತುಂಬಿಬಿಟ್ಟರೆ ಅದಕ್ಕಿಂತ ಒಳ್ಳೆಯ ಹೊದಿಕೆ ಇಲ್ಲ.

ಹೊದಿಕೆ ಯಾವಾಗ ತೆಗೆಯಬೇಕು ಎಂಬುದಕ್ಕೆ ದಿನದ ಲೆಕ್ಕ ಹೇಳಲಾಗದು, ಅಳತೆಯೇ ಹೇಳಬೇಕು. ನಡುಭಾಗದಲ್ಲಿ ಒಂದು, ಮೇಲ್ಮೈಯಿಂದ 50 ಮಿ.ಮೀ. ಕೆಳಗೆ ಒಂದು, ಪಕ್ಕದಲ್ಲಿ ಒಂದು, ಹೀಗೆ ಉಷ್ಣತೆ ಅಳೆಯುವ ಥರ್ಮೋಕಪಲ್ ತಂತಿಯನ್ನು ಕಾಂಕ್ರೀಟ್ ಹಾಕುವ ಮೊದಲೇ ಕಂಬಿಗೆ ಕಟ್ಟಿ. ತುದಿ ಕಂಬಿಗೆ ತಾಗದಂತೆ ನೋಡಿಕೊಳ್ಳಿ. ನೆರಳಿನಲ್ಲಿ ಗಾಳಿಯ ಉಷ್ಣತೆಗೂ ಒಂದು ಇರಲಿ. ತಂತಿ, ಮೀಟರ್ ಎರಡೂ ಒಂದು ಲೋಡ್ ಕಾಂಕ್ರೀಟಿಗಿಂತ ಅಗ್ಗ. ಮೊದಲ ಮೂರು ದಿನ ಗಂಟೆಗೊಮ್ಮೆ, ಆಮೇಲೆ ನಾಲ್ಕು ಗಂಟೆಗೊಮ್ಮೆ ಬರೆದಿಡಿ. ನಡುಭಾಗಕ್ಕೂ ಬೆಳಗಿನ ಜಾವದ ಗಾಳಿಗೂ ಇರುವ ಅಂತರ 20ರೊಳಗೆ ಬಂದ ಮೇಲೆ, ಮಧ್ಯಾಹ್ನದ ಹೊತ್ತು, ಒಂದೊಂದೇ ಪದರ ತೆಗೆಯಿರಿ. ಒಂದೂವರೆ ಮೀಟರಿಗೆ ಒಂದು ವಾರ, ಹತ್ತು ದಿನ ಹಿಡಿಯುವುದು ಇದ್ದದ್ದೇ, ಚಳಿಗಾಲದಲ್ಲಿ ಇನ್ನೂ ಹೆಚ್ಚು. ಕೆಲಸದ ವೇಳಾಪಟ್ಟಿಯಾದ ಬಾರ್ ಚಾರ್ಟಿನಲ್ಲಿ ಇಷ್ಟು ದಿನ ಮೊದಲೇ ಬಿಟ್ಟಿರದಿದ್ದರೆ ಮೂರನೆಯ ದಿನವೇ ಕಾಲಮ್ಮಿನ ಗೆರೆ ಹಾಕಲು ಥರ್ಮೋಕೋಲ್ ಕಿತ್ತೆಸೆಯುತ್ತಾರೆ.

ಪೈಪಿನ ತಂಪು, ಪದರಗಳಾಗಿ ಹಾಕುವುದು

1930ರ ದಶಕದಲ್ಲಿ ಅಮೆರಿಕದ ಹೂವರ್ ಅಣೆಕಟ್ಟಿನಲ್ಲಿ ಒಂದು ಇಂಚಿನ ಉಕ್ಕಿನ ಪೈಪುಗಳನ್ನು ಕಾಂಕ್ರೀಟಿನೊಳಗೆ ಹೂತು ತಣ್ಣೀರು ಹರಿಸಿದ್ದು ಈ ವಿದ್ಯೆಗೆ ಹೆಸರು ತಂದಿತು. ಇಂದಿಗೂ ಸುಮಾರು 25 ಮಿ.ಮೀ. ಪೈಪು, ಮೀಟರಿಗೊಂದು ಸಾಲು ಎಂಬುದೇ ರೂಢಿ. ಎರಡೂವರೆ ಮೂರು ಮೀಟರಿಗಿಂತ ದಪ್ಪ, ಮಿಕ್ಸಿನಲ್ಲೂ ಬರ್ಫಿನಲ್ಲೂ ಇಳಿಸಿದ್ದು ಸಾಲದು ಎಂದಾಗ ಮಾತ್ರ ಇದಕ್ಕೆ ಹೋಗಿ. ಸಿಮೆಂಟ್ ಕಾರ್ಖಾನೆಯ ಪ್ರೀಹೀಟರ್ ಗೋಪುರದಂಥ ಭಾರಿ ಬುನಾದಿ ಇದಕ್ಕೆ ತಕ್ಕ ಜಾಗ. ನೀರು ತೀರ ತಣ್ಣಗಿದ್ದರೆ ಪೈಪಿನ ಸುತ್ತಲೇ ಬಿರುಕು ಬರುತ್ತದೆ. ನಮ್ಮ ಬೋರಿನ ನೀರಿನ ಬೆಚ್ಚನೆ ಇಲ್ಲಿ ಅನುಕೂಲವೇ. ಟ್ಯಾಂಕಿಗೆ ವಾಪಸು ತಂದು ತಿರುಗಿಸಿ ಬಳಸಿ, ಬೇಸಿಗೆಯಲ್ಲಿ ಅಷ್ಟು ನೀರನ್ನು ಚರಂಡಿಗೆ ಬಿಟ್ಟರೆ ಊರವರು ಸುಮ್ಮನಿರುವುದಿಲ್ಲ. ಕೊನೆಗೆ ಪೈಪುಗಳಿಗೆ ಗ್ರೌಟ್ (ತೆಳು ಸಿಮೆಂಟ್ ಗಾರೆ) ತುಂಬುವ ಕೆಲಸವೂ ಇದೆ ಎಂಬುದನ್ನು ದರಪಟ್ಟಿಯಲ್ಲಿ ಮರೆಯಬೇಡಿ.

ಪದರಗಳಾಗಿ ಹಾಕುವುದು ಅಣೆಕಟ್ಟಿನವರ ದಾರಿ, ಒಂದೂವರೆ ಮೀಟರಿನ ಪದರ, ನಡುವೆ ಕೆಲವು ದಿನ ಬಿಡುವು. ಕಟ್ಟಡದ ರಾಫ್ಟಿಗೆ ನನಗೆ ಇಷ್ಟವಿಲ್ಲದ ಉಪಾಯ. ಅಡ್ಡ ಜೋಡಣೆಯಲ್ಲಿ ಮೇಲೆ ಬಂದು ನಿಂತ ಸಿಮೆಂಟಿನ ಹಾಲು ಕೆರೆದು ಖಡಿ ಕಾಣಿಸಬೇಕು, ಹೆಚ್ಚುವರಿ ಕಂಬಿ ಬೇಕು, ಆಗಲೇ ತಣಿದ ಕೆಳಪದರ ಮೇಲಿನದನ್ನು ಕುಗ್ಗಲು ಬಿಡುವುದಿಲ್ಲ.

ಕಲ್ಲು ಯಾವುದು ಎಂಬುದೂ ಲೆಕ್ಕಕ್ಕೆ ಬರುತ್ತದೆ

20 ಡಿಗ್ರಿಯ ಮಿತಿ ಎಲ್ಲ ಕಲ್ಲಿಗೂ ಒಂದೇ ಅಲ್ಲ. ಬ್ರಿಟಿಷರ ಹಳೆಯ ಪಟ್ಟಿಯಲ್ಲಿ ಹೊಳೆಗಲ್ಲಿಗೆ 20, ಗ್ರಾನೈಟಿಗೆ 27.7, ಸುಣ್ಣಕಲ್ಲಿಗೆ 39 ಎಂದಿದೆ, ಏಕೆಂದರೆ ಸುಣ್ಣಕಲ್ಲು ಬಿಸಿಗೆ ಹಿಗ್ಗುವುದು ಕಡಿಮೆ. ನಮ್ಮ ಮೂರು ಜಿಲ್ಲೆಗಳಲ್ಲಿ ಮೂರು ಬಗೆಯ ಕಲ್ಲಿದೆ. ಬೀದರ್, ಆಳಂದ ಕಡೆ ಬಸಾಲ್ಟ್, ನಮ್ಮವರು ಕರಿಕಲ್ಲು ಅನ್ನುವುದು. ಶಹಾಬಾದ್, ಚಿತ್ತಾಪುರ, ಸೇಡಂ ಸುಣ್ಣಕಲ್ಲಿನ ನೆಲ. ಯಾದಗಿರಿ, ಸುರಪುರ, ಗುರುಮಠಕಲ್ ಕಡೆ ಗ್ರಾನೈಟ್. ಹಾಗೆಂದು ಶಹಾಬಾದ್ ಕಲ್ಲಿನ ಖಡಿ ಮಾಡಿ 39 ಡಿಗ್ರಿ ಬಿಡಬಹುದು ಎಂದುಕೊಳ್ಳಬೇಡಿ. ಹಾಸು ಹಾಸಾಗಿ ಏಳುವ ಕಲ್ಲು ಅದು, ಖಡಿ ಚಪ್ಪಟೆಯಾಗುತ್ತದೆ, ನಡುವೆ ಜೇಡಿಯ ಎಳೆಗಳಿರಬಹುದು. ಪರೀಕ್ಷೆಯಲ್ಲಿ ಪಾಸಾದರೆ ಬಳಸಿ. ಯಾದಗಿರಿಯ ಗ್ರಾನೈಟಿಗೆ 25ರವರೆಗೆ ಬಿಡಲು ಕನ್ಸಲ್ಟೆಂಟ್ ಒಪ್ಪಿದರೆ ಹೊದಿಕೆ ನಾಲ್ಕಾರು ದಿನ ಬೇಗ ತೆಗೆಯಬಹುದು. ಕರಿಕಲ್ಲಿಗೆ ನಾನು 20ನ್ನೇ ಹಿಡಿದುಕೊಳ್ಳುತ್ತೇನೆ.

ನಿಮ್ಮ ಕೆಲಸಕ್ಕೆ ಯಾವುದು

ಕಲಬುರಗಿ ನಗರದಲ್ಲಿ ಒಂದೂಕಾಲು ಮೀಟರಿನ ಕಟ್ಟಡದ ರಾಫ್ಟು, ಬೇಸಿಗೆ: ಬೂದಿ 30ರ ಮೇಲಿರುವ ಪಿಪಿಸಿ, 56 ದಿನದ ಬಲ, ಖಡಿಗೆ ನೆರಳು–ನೀರು, ಟ್ಯಾಂಕಿನಲ್ಲಿ ಬರ್ಫಿನ ಹಲಗೆ, ರಾತ್ರಿ ಕೆಲಸ, ಒಂದು ಪದರ ಥರ್ಮೋಕೋಲ್. ಇದಕ್ಕಿಂತ ಹೆಚ್ಚು ಏನಾದರೂ ಮಾರಲು ಬಂದವರನ್ನು ಚಹಾ ಕುಡಿಸಿ ಕಳಿಸಿ. ಇದೇ ರಾಫ್ಟು ಬೀದರಿನಲ್ಲಿ, ಜನವರಿಯಲ್ಲಿ ಇದ್ದರೆ ಬರ್ಫು, ಚಿಲ್ಲರ್ ಎರಡನ್ನೂ ಮರೆತು ಆ ದುಡ್ಡನ್ನು ಹೊದಿಕೆಗೆ ಹಾಕಿ, ರಾತ್ರಿಯ ಬದಲು ಹಗಲಲ್ಲೇ ಕಾಂಕ್ರೀಟ್ ಹಾಕಿ. ಭೀಮಾ, ಕೃಷ್ಣೆಯ ಮೇಲಿನ ಸೇತುವೆಯ ಎರಡು ಎರಡೂವರೆ ಮೀಟರಿನ ಪೈಲ್ ಕ್ಯಾಪಿಗೆ (ನೆಲದಾಳದ ಪೈಲುಗಳ ತಲೆ ಕೂಡಿಸುವ ದಪ್ಪ ಕಾಂಕ್ರೀಟಿಗೆ) ಓಪಿಸಿ 43 ಜೊತೆ 35 ಶೇಕಡಾ ಬೂದಿ, 40 ಮಿ.ಮೀ. ಖಡಿ ಹೋಗುವಂತಿದ್ದರೆ ಅದು, ಡ್ರಮ್ಮಿಗೇ ಬರ್ಫ್. ಪೈಪು ಬೇಕೇ ಎಂಬುದನ್ನು ಮೊದಲ ಕ್ಯಾಪಿನ ಥರ್ಮೋಕಪಲ್ ನೋಡಿ ತೀರ್ಮಾನಿಸಿ.

ಯಾದಗಿರಿ ಕಡೆ ಏತ ನೀರಾವರಿಯ ಪಂಪುಗಳು ಕೂರುವ ಬಾವಿಯಾದ ಜಾಕ್‌ವೆಲ್ ಕಟ್ಟುವವರಿಗೆ ಮಾತ್ರ ಬೇರೆ ಮಾತು ಹೇಳಬೇಕು. ಅಲ್ಲಿ ರಾಫ್ಟಿಗಿಂತ ಅದರ ಮೇಲೆ ಏಳುವ ಮುಕ್ಕಾಲು ಮೀಟರಿನ ಗೋಡೆ ಹೆಚ್ಚು ಬಿರಿಯುತ್ತದೆ, ನೆಟ್ಟಗೆ, ಕೆಲವು ಮೀಟರಿಗೊಂದರಂತೆ, ಕೆಳಗಿನಿಂದ ಮೇಲಕ್ಕೆ. ಗೋಡೆ ಬಿಸಿಯಾಗಿ ತಣಿದು ಕುಗ್ಗಲು ಹೊರಟಾಗ ಆಗಲೇ ಗಟ್ಟಿಯಾದ ರಾಫ್ಟ್ ಅದನ್ನು ಕೆಳಗಿನಿಂದ ಹಿಡಿದಿರುತ್ತದೆ. ಒಳ–ಹೊರ ವ್ಯತ್ಯಾಸದ ತೊಂದರೆ ಇದಲ್ಲವಾದ್ದರಿಂದ ಥರ್ಮೋಕೋಲ್ ಇದನ್ನು ತಡೆಯುವುದಿಲ್ಲ. ಒಟ್ಟು ಏರಿಕೆಯನ್ನೇ ಇಳಿಸಬೇಕು, ಎಂದರೆ ಮತ್ತೆ ಬೂದಿ ಮತ್ತು ಬರ್ಫ್. ಜೊತೆಗೆ ರಾಫ್ಟಿಗೂ ಗೋಡೆಗೂ ನಡುವಿನ ಅಂತರ ಆದಷ್ಟು ಕಡಿಮೆ ದಿನ ಇರಲಿ, ಒಂದು ಸಲಕ್ಕೆ ಹಾಕುವ ಗೋಡೆಯ ಉದ್ದ ಚಿಕ್ಕದಿರಲಿ. ಅಡ್ಡಕಂಬಿಯನ್ನು 16 ಮಿ.ಮೀ. 200ಕ್ಕೊಂದರ ಬದಲು ಅಷ್ಟೇ ತೂಕದ 12 ಮಿ.ಮೀ. ಕಂಬಿಯಲ್ಲಿ ಹತ್ತಿರ ಹತ್ತಿರ ಕಟ್ಟಿಸಿ. ಬಿರುಕು ಬಂದರೂ ಕೂದಲೆಳೆಯಷ್ಟು ತೆಳುವಾಗಿ ಹಂಚಿಹೋಗುತ್ತದೆ, ನೀರು ಸೋರುವಷ್ಟು ಬಾಯಿ ಬಿಡುವುದಿಲ್ಲ.